ಚಿತ್ರಗಳ ಪಿಕ್ಸೆಲ್ ರೂಪಾಂತರ: ಉಳಿಯುವುದೇನು, ಅಳಿಯುವುದೇನು

ವಿಷಯ ಪ್ರವೇಶ

ಗಣಕಯಂತ್ರದ ತೆರೆಯ ಮೇಲೆ ಒಂದು ಚಿತ್ರವು ಮೂಡಿದಾಗ ನಮ್ಮ ಕಣ್ಣು ಅದನ್ನು ಬಣ್ಣ ಮತ್ತು ಆಕಾರಗಳಿಂದ ಕೂಡಿದ ಅಖಂಡವಾದ ಒಂದು ವಸ್ತುವೆಂದೇ ಗ್ರಹಿಸುತ್ತದೆ. ಯಂತ್ರಕ್ಕಾದರೋ ಅದು ಒಂದರ ಪಕ್ಕದಲ್ಲೊಂದು ಕುಳಿತ ಅಂಕಿಗಳ ದೀರ್ಘವಾದ ಸಾಲು ಮಾತ್ರ. ಆ ಅಂಕಿಗಳಲ್ಲಿ ಕೆಂಪನ್ನು ಸೂಚಿಸುವುದು ಯಾವುದು, ನೀಲಿಯನ್ನು ಸೂಚಿಸುವುದು ಯಾವುದು, ಒಂದು ಚಿತ್ರಬಿಂದುವಿಗೆ ಎಷ್ಟು ಅಂಕಿಗಳು ಮೀಸಲು, ಒಂದು ಸಾಲು ಎಲ್ಲಿ ಮುಗಿದು ಮುಂದಿನದು ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಅಂಕಿಗಳು ತಾವಾಗಿ ಹೇಳಲಾರವು. ಅದನ್ನು ತಿಳಿಸಲು ಬರೆಯುವವನಿಗೂ ಓದುವವನಿಗೂ ನಡುವೆ ಒಂದು ಒಪ್ಪಂದವಿರಬೇಕು. ಈ ಒಪ್ಪಂದವನ್ನೇ ನಾವು ಇಲ್ಲಿ ‘ಪಿಕ್ಸೆಲ್ ರೂಪ’ ಎಂದು ಕರೆಯುತ್ತೇವೆ. ಒಂದು ಒಪ್ಪಂದದಂತೆ ಬರೆದ ಅಂಕಿಗಳನ್ನು ಇನ್ನೊಂದು ಒಪ್ಪಂದಕ್ಕೆ ಹೊಂದುವಂತೆ ಬದಲಾಯಿಸುವುದೇ ರೂಪಾಂತರ.

ಈ ಕೆಲಸವು ಹೊರನೋಟಕ್ಕೆ ಬಹಳ ಸಾಮಾನ್ಯವಾದುದಾಗಿ ತೋರುತ್ತದೆ. ಪ್ರೋಗ್ರಾಂ ಬರೆಯುವವನು ಒಂದು ಸಾಲಿನ ಆಜ್ಞೆಯನ್ನಿತ್ತರೆ ಲೈಬ್ರರಿಯು ಮಾತಿಲ್ಲದೆ ಅದನ್ನು ನಡೆಸಿಕೊಡುತ್ತದೆ. ಹೀಗೆ ಮಾತಿಲ್ಲದೆ ನಡೆಯುವುದರಲ್ಲಿಯೇ ಅಪಾಯವೂ ಅಡಗಿದೆ. ಕೆಲವು ರೂಪಾಂತರಗಳಲ್ಲಿ ಚಿತ್ರದ ಒಂದು ಕಣವೂ ಕಳೆಯುವುದಿಲ್ಲ. ಬೇಕಾದಾಗ ಹಿಂದಿನ ರೂಪಕ್ಕೆ ಯಥಾವತ್ತಾಗಿ ಮರಳಬಹುದು. ಮತ್ತೆ ಕೆಲವುಗಳಲ್ಲಿ ಚಿತ್ರದ ಒಂದು ಭಾಗವು ಎಂದೆಂದಿಗೂ ಅಳಿದುಹೋಗುತ್ತದೆ. ಎರಡಕ್ಕೂ ಕೊಡುವ ಆಜ್ಞೆ ಮಾತ್ರ ಒಂದೇ. ಇವುಗಳ ಅಂತರವನ್ನು ವಿದ್ಯಾರ್ಥಿಗಳು ಕಾರಣಸಹಿತವಾಗಿ ತಿಳಿಯುವಂತೆ ಮಾಡುವುದು ಈ ಲೇಖನದ ಉದ್ದೇಶ.

ವಿವೇಚನೆಯ ಅನುಕೂಲಕ್ಕಾಗಿ ನಾವು ಕ್ಯೂಟ್ ಎಂಬ ಲೈಬ್ರರಿಯನ್ನು ಆರಿಸಿಕೊಂಡಿದ್ದೇವೆ. ನಾರ್ವೆ ದೇಶದಲ್ಲಿ ಹುಟ್ಟಿ 1995ರಲ್ಲಿ ಮೊದಲು ಬಹಿರಂಗವಾಗಿ ಪ್ರಕಟವಾದ ಇದು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ರಚಿತವಾದುದು. ಕಿಟಕಿ, ಗುಂಡಿ, ಆಯ್ಕೆಪಟ್ಟಿ ಮೊದಲಾದ ತೆರೆಯ ಅಂಗಗಳನ್ನು ವಿಂಡೋಸ್, ಮ್ಯಾಕ್, ಲಿನಕ್ಸ್ ಈ ಮೂರರಲ್ಲಿಯೂ ಒಂದೇ ಬಗೆಯಾಗಿ ರಚಿಸಲು ಇದು ನೆರವಾಗುತ್ತದೆ. ಲಿನಕ್ಸ್ ಬಳಸುವವರಿಗೆ ಪರಿಚಿತವಾದ ಕೆಡಿಇ ಎಂಬ ಮೇಜಿನ ವ್ಯವಸ್ಥೆಯು ಇದರ ಆಧಾರದ ಮೇಲೆಯೇ ನಿಂತಿದೆ. ಇದರಲ್ಲಿ ಚಿತ್ರಗಳನ್ನು ಹಿಡಿದಿಡುವ ಎರಡು ಮುಖ್ಯ ವರ್ಗಗಳುಂಟು. ಕಡತದಿಂದ ಓದುವುದಕ್ಕೂ, ಪಿಕ್ಸೆಲ್‌ಗಳನ್ನು ಒಂದೊಂದಾಗಿ ನೋಡಿ ತಿದ್ದುವುದಕ್ಕೂ ಏರ್ಪಟ್ಟದ್ದು ಕ್ಯೂಇಮೇಜ್. ತೆರೆಯ ಮೇಲೆ ಬೇಗನೆ ತೋರಿಸುವುದಕ್ಕಾಗಿ ಏರ್ಪಟ್ಟದ್ದು ಕ್ಯೂಪಿಕ್ಸ್‌ಮ್ಯಾಪ್. ನಮ್ಮ ವಿವೇಚನೆಯು ಮೊದಲನೆಯದಕ್ಕೆ ಸಂಬಂಧಿಸಿದೆ. ಇಲ್ಲಿ ಹೇಳುವ ತತ್ತ್ವಗಳು ಬೇರೆ ಲೈಬ್ರರಿಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.

ರೂಪಗಳು ಹಲವಾಗಿರುವುದೇಕೆ?

ಕ್ಯೂಇಮೇಜ್ ವರ್ಗವು ಈಗ ಮೂವತ್ತಕ್ಕೂ ಹೆಚ್ಚು ಪಿಕ್ಸೆಲ್ ರೂಪಗಳನ್ನು ಬಲ್ಲುದು. ಅವೆಲ್ಲವನ್ನೂ ಇಲ್ಲಿ ವರ್ಣಿಸುವ ಅಗತ್ಯವಿಲ್ಲ. ಮುಖ್ಯವಾದ ಕೆಲವನ್ನು ತೆಗೆದುಕೊಂಡರೆ ಸಾಕು.

ಎಲ್ಲಕ್ಕಿಂತ ಸರಳವಾದುದು ಮೋನೊ. ಇದರಲ್ಲಿ ಒಂದು ಪಿಕ್ಸೆಲ್‌ಗೆ ಒಂದೇ ಬಿಟ್. ಎಂದರೆ ಎರಡು ಬಣ್ಣಗಳಿಗೆ ಮಾತ್ರ ಅವಕಾಶ. ಇಂಡೆಕ್ಸ್ಡ್ 8 ಎಂಬುದರಲ್ಲಿ ಒಂದು ಪಿಕ್ಸೆಲ್‌ಗೆ ಒಂದು ಬೈಟ್ ಉಂಟು. ಆದರೆ ಆ ಬೈಟ್ ಬಣ್ಣವಲ್ಲ, 256 ಬಣ್ಣಗಳವರೆಗಿನ ಒಂದು ಪಟ್ಟಿಯಲ್ಲಿ ಬಣ್ಣದ ಕ್ರಮಸಂಖ್ಯೆ. ಗ್ರೇಸ್ಕೇಲ್ 8 ಎಂಬುದರಲ್ಲಿಯೂ ಒಂದೇ ಬೈಟ್. ಅದು ಕಪ್ಪಿನಿಂದ ಬಿಳಿಯವರೆಗಿನ ಬೂದುಬಣ್ಣದ ಪ್ರಮಾಣವನ್ನು ನೇರವಾಗಿ ಹೇಳುತ್ತದೆ. ಆರ್‌ಜಿಬಿ 16ರಲ್ಲಿ ಕೆಂಪಿಗೆ 5, ಹಸಿರಿಗೆ 6, ನೀಲಿಗೆ 5 ಹೀಗೆ ಎರಡು ಬೈಟುಗಳಲ್ಲಿ ಮೂರು ಬಣ್ಣಗಳು ಅಡಕವಾಗಿವೆ. ಆರ್‌ಜಿಬಿ 888ರಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಬೈಟ್. ಆರ್‌ಜಿಬಿ 32ರಲ್ಲಿ ಈ ಮೂರರ ಜೊತೆಗೆ ನಾಲ್ಕನೆಯ ಬೈಟೊಂದು ಸದಾ 255 ಎಂಬ ಬೆಲೆಯನ್ನು ಹೊತ್ತು ಕುಳಿತಿರುತ್ತದೆ. ಎಆರ್‌ಜಿಬಿ 32ರಲ್ಲಿ ಅದೇ ನಾಲ್ಕನೆಯ ಬೈಟ್ ‘ಆಲ್ಫಾ’ ಎಂಬ ಹೆಸರಿನಿಂದ ಪಿಕ್ಸೆಲ್ ಎಷ್ಟರ ಮಟ್ಟಿಗೆ ಹಿಂದಿನದನ್ನು ಮರೆಮಾಡುತ್ತದೆಂಬುದನ್ನು ತಿಳಿಸುತ್ತದೆ: 0 ಎಂದರೆ ಪೂರ್ಣ ಪಾರದರ್ಶಕ, 255 ಎಂದರೆ ಪೂರ್ಣ ಅಪಾರದರ್ಶಕ.

ಇಷ್ಟು ಬಗೆಗಳು ಏತಕ್ಕೆ ಎಂದು ಕೇಳಬಹುದು. ಎ4 ಅಳತೆಯ ಹಾಳೆಯೊಂದನ್ನು ಅಂಗುಲಕ್ಕೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 2480 ಪಿಕ್ಸೆಲ್ ಅಗಲ, 3508 ಪಿಕ್ಸೆಲ್ ಎತ್ತರದ ಚಿತ್ರವು ದೊರೆಯುತ್ತದೆ. ಅದರಲ್ಲಿರುವ ಪಿಕ್ಸೆಲ್‌ಗಳು 86,99,840. ಇದೇ ಚಿತ್ರಕ್ಕೆ ಗಣಕದ ಸ್ಮೃತಿಯಲ್ಲಿ ಮೋನೊ ರೂಪದಲ್ಲಿ 10,94,496 ಬೈಟುಗಳು ಸಾಕು. ಗ್ರೇಸ್ಕೇಲ್ 8ರಲ್ಲಿ 86,99,840 ಬೇಕು. ಆರ್‌ಜಿಬಿ 16ರಲ್ಲಿ 1,73,99,680. ಆರ್‌ಜಿಬಿ 888ರಲ್ಲಿ 2,60,99,520. ಆರ್‌ಜಿಬಿ 32ರಲ್ಲಿ 3,47,99,360. ಒಂದು ಕೊನೆಗೂ ಇನ್ನೊಂದು ಕೊನೆಗೂ ಮೂವತ್ತು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ. ಸ್ಥಳವು ಅಮೂಲ್ಯವಾಗಿದ್ದ ಕಾಲದಲ್ಲಿ ಸಣ್ಣ ರೂಪಗಳು ಹುಟ್ಟಿದುವು. ವೇಗವು ಮುಖ್ಯವಾದಾಗ 32 ಬಿಟ್‌ಗಳ ರೂಪಗಳು ಮೇಲುಗೈ ಪಡೆದುವು. ಕಡತಗಳು, ಕ್ಯಾಮರಾಗಳು, ಮುದ್ರಣಯಂತ್ರಗಳು ತಮ್ಮ ತಮ್ಮ ಪದ್ಧತಿಯನ್ನು ಬಿಡದೆ ಉಳಿಸಿಕೊಂಡುವು. ಇವೆಲ್ಲದರೊಡನೆ ವ್ಯವಹರಿಸಬೇಕಾದ ಲೈಬ್ರರಿಗೆ ರೂಪಾಂತರವು ಅನಿವಾರ್ಯವಾಯಿತು.

ಸ್ಥಾನ ಬದಲಾವಣೆಯ ರೂಪಾಂತರಗಳು

ಮೊದಲು ನಿರಪಾಯವಾದುವನ್ನು ನೋಡೋಣ. ಆರ್‌ಜಿಬಿ 888ರಿಂದ ಆರ್‌ಜಿಬಿ 32ಕ್ಕೆ ಹೋಗುವಾಗ ಮೂರು ಬೈಟುಗಳೊಡನೆ 255 ಎಂಬ ನಾಲ್ಕನೆಯದು ಸೇರುತ್ತದೆ. ಹಿಂದಿರುಗುವಾಗ ಅದು ಬಿಟ್ಟುಹೋಗುತ್ತದೆ. ಬಣ್ಣಗಳ ಬೆಲೆಯಲ್ಲಿ ಬದಲಾವಣೆಯಿಲ್ಲ. ಗ್ರೇಸ್ಕೇಲ್ 8ರಿಂದ ಆರ್‌ಜಿಬಿ 32ಕ್ಕೆ ಹೋಗುವಾಗ ಒಂದೇ ಬೆಲೆಯು ಮೂರು ಬಣ್ಣಗಳಿಗೂ ನಕಲಾಗುತ್ತದೆ. ಇಂತಹವನ್ನು ‘ಸ್ಥಾನ ಬದಲಾವಣೆ’ ಎನ್ನಬಹುದು. ಸಾಮಾನು ಅದೇ, ಇಟ್ಟ ಜಾಗ ಬೇರೆ.

ಇವು ನಿರಪಾಯವಾದರೂ ಇವುಗಳನ್ನು ಮಾಡದೆ ಬಿಟ್ಟರೆ ಅಪಾಯವುಂಟು. ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ.

ಮೊದಲನೆಯದು ಬೈಟುಗಳ ಕ್ರಮಕ್ಕೆ ಸಂಬಂಧಿಸಿದುದು. ಎಆರ್‌ಜಿಬಿ 32 ರೂಪದಲ್ಲಿ ಒಂದು ಪಿಕ್ಸೆಲ್ ಎಂದರೆ ನಾಲ್ಕು ಬೈಟುಗಳ ಒಂದು ಪೂರ್ಣಸಂಖ್ಯೆ. ಅದರ ಅತ್ಯಂತ ಹಿರಿಯ ಸ್ಥಾನದಲ್ಲಿ ಆಲ್ಫಾ, ಆಮೇಲೆ ಕ್ರಮವಾಗಿ ಕೆಂಪು, ಹಸಿರು, ನೀಲಿ. ಆದರೆ ಇಂದು ಬಹುಪಾಲು ಮೇಜಿನ ಗಣಕಗಳಲ್ಲಿರುವ ಪ್ರೊಸೆಸರುಗಳು ಸಂಖ್ಯೆಯ ಕಿರಿಯ ಸ್ಥಾನದ ಬೈಟನ್ನೇ ಸ್ಮೃತಿಯಲ್ಲಿ ಮೊದಲು ಇಡುತ್ತವೆ. ಆದುದರಿಂದ ಸ್ಮೃತಿಯನ್ನು ಮೊದಲಿಂದ ಓದುತ್ತಾ ಹೋದರೆ ನೀಲಿ, ಹಸಿರು, ಕೆಂಪು, ಆಲ್ಫಾ ಎಂಬ ಕ್ರಮವು ಕಾಣುತ್ತದೆ. ಪಿಎನ್‌ಜಿ ಕಡತವಾದರೋ ಕೆಂಪು, ಹಸಿರು, ನೀಲಿ, ಆಲ್ಫಾ ಎಂಬ ಕ್ರಮವನ್ನೇ ಹಿಡಿಯುತ್ತದೆ. ಒಂದರ ಬೈಟುಗಳನ್ನು ಇನ್ನೊಂದರವೆಂದು ಓದಿದರೆ ಹಸಿರೂ ಆಲ್ಫಾವೂ ತಮ್ಮ ಸ್ಥಾನದಲ್ಲಿಯೇ ಉಳಿದು ಕೆಂಪೂ ನೀಲಿಯೂ ಅದಲುಬದಲಾಗುತ್ತವೆ. ದಾಸವಾಳವು ನೀಲಿಯಾಗಿಯೂ ಆಕಾಶವು ಕಿತ್ತಳೆಯ ಛಾಯೆಯಾಗಿಯೂ ತೋರಿದರೆ ಕಾರಣವನ್ನು ಇಲ್ಲಿಯೇ ಹುಡುಕಬೇಕು. ಚಿತ್ರ ವಿಶ್ಲೇಷಣೆಗೆ ಬಳಕೆಯಾಗುವ ಓಪನ್‌ಸಿವಿ ಲೈಬ್ರರಿಯು ವಾಡಿಕೆಯಾಗಿ ನೀಲಿ, ಹಸಿರು, ಕೆಂಪು ಎಂಬ ಕ್ರಮವನ್ನು ಅನುಸರಿಸುವುದರಿಂದ ಎರಡು ಲೈಬ್ರರಿಗಳನ್ನು ಜೋಡಿಸುವ ಕಡೆ ಈ ದೋಷವು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಪ್ರೊಸೆಸರಿನ ಸ್ವಭಾವ ಯಾವುದೇ ಇರಲಿ, ಸ್ಮೃತಿಯಲ್ಲಿ ಕೆಂಪೇ ಮೊದಲು ಬರಬೇಕೆಂಬವರಿಗಾಗಿ ಕ್ಯೂಟ್ ತನ್ನ 5.2ನೆಯ ಆವೃತ್ತಿಯಿಂದ ಆರ್‌ಜಿಬಿಎ 8888 ಎಂಬ ರೂಪವನ್ನು ಒದಗಿಸಿದೆ.

ಎರಡನೆಯದು ಸಾಲಿನ ಉದ್ದಕ್ಕೆ ಸಂಬಂಧಿಸಿದುದು. ಕ್ಯೂಇಮೇಜ್ ತಾನಾಗಿ ರಚಿಸುವ ಚಿತ್ರಗಳಲ್ಲಿ ಪ್ರತಿಯೊಂದು ಸಾಲೂ 4ರಿಂದ ಭಾಗವಾಗುವ ಬೈಟ್ ಸಂಖ್ಯೆಯಲ್ಲಿ ಮುಗಿಯುತ್ತದೆ; ಕಡಮೆಯಾದರೆ ಕೊನೆಯಲ್ಲಿ ಅರ್ಥವಿಲ್ಲದ ಬೈಟುಗಳು ತುಂಬಿಕೊಳ್ಳುತ್ತವೆ. 1003 ಪಿಕ್ಸೆಲ್ ಅಗಲದ ಆರ್‌ಜಿಬಿ 888 ಚಿತ್ರವನ್ನು ತೆಗೆದುಕೊಳ್ಳಿ. ಒಂದು ಸಾಲಿಗೆ ನಿಜವಾಗಿ ಬೇಕಾದುದು 3009 ಬೈಟುಗಳು, ಇರುವುದು 3012. ಮಿಕ್ಕ ಮೂರು ಬೈಟುಗಳು ಸರಿಯಾಗಿ ಒಂದು ಪಿಕ್ಸೆಲ್‌ನ ಅಳತೆ. ಈ ತುಂಬುವಿಕೆಯನ್ನು ಗಮನಿಸದೆ 3009ರಂತೆ ಸಾಲುಗಳನ್ನು ಎಣಿಸುತ್ತಾ ಹೋದರೆ ಒಂದೊಂದು ಸಾಲೂ ತನ್ನ ಮೇಲಿನದಕ್ಕಿಂತ ಒಂದೊಂದು ಪಿಕ್ಸೆಲ್‌ನಷ್ಟು ಬಲಕ್ಕೆ ಸರಿಯುತ್ತದೆ. ಬಣ್ಣಗಳು ಸರಿಯಾಗಿಯೇ ಇರುತ್ತವೆ. ಆದರೆ ನೆಟ್ಟಗಿದ್ದ ಕಂಬವು ಕೆಳಗಿಳಿದಂತೆ ಬಲಕ್ಕೆ ಓರೆಯಾಗುತ್ತದೆ. ಅಗಲವು 1004 ಆಗಿದ್ದರೆ ಸಾಲಿಗೆ ಸರಿಯಾಗಿ 3012 ಬೈಟುಗಳಾಗಿ ಈ ದೋಷವು ಕಾಣುವುದೇ ಇಲ್ಲ. ಒಂದು ಚಿತ್ರದಲ್ಲಿ ಸರಿಯಾಗಿ ನಡೆದ ಪ್ರೋಗ್ರಾಂ ಮತ್ತೊಂದರಲ್ಲಿ ಕೆಡುವುದು ಹೀಗೆಯೇ. ಇದಕ್ಕೆ ಪರಿಹಾರವೆಂದರೆ ಸಾಲಿನ ಉದ್ದವನ್ನು ಅಗಲದಿಂದ ಊಹಿಸದೆ ಲೈಬ್ರರಿಯನ್ನೇ ಕೇಳಿ ತಿಳಿಯುವುದು. ಹೊರಗಿನ ಅಂಕಿಗಳನ್ನು ಕ್ಯೂಇಮೇಜ್‌ಗೆ ಒಪ್ಪಿಸುವಾಗಲೂ ಒಂದು ಸಾಲಿಗೆ ಎಷ್ಟು ಬೈಟುಗಳೆಂಬುದನ್ನು ಸ್ಪಷ್ಟವಾಗಿ ಹೇಳುವುದು.

ಇದಕ್ಕೆ ಸೇರಿದ ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಹೊರಗಿನ ಅಂಕಿಗಳ ಮೇಲೆ ಕ್ಯೂಇಮೇಜನ್ನು ಕಟ್ಟಿದಾಗ ಅದು ಅವುಗಳನ್ನು ನಕಲು ಮಾಡಿಕೊಳ್ಳುವುದಿಲ್ಲ, ಇದ್ದಲ್ಲಿಯೇ ಬಳಸುತ್ತದೆ. ಬೇರೊಂದು ರೂಪಕ್ಕೆ ರೂಪಾಂತರಿಸಿದಾಗ ಫಲವು ಸ್ವತಂತ್ರವಾದ ನಕಲಾಗುತ್ತದೆ. ಆದರೆ ಕೇಳಿದ ರೂಪವೂ ಇರುವ ರೂಪವೂ ಒಂದೇ ಆಗಿದ್ದರೆ ಲೈಬ್ರರಿಯು ಏನನ್ನೂ ಮಾಡದೆ ಇದ್ದುದನ್ನೇ ಹಂಚಿಕೊಂಡು ಹಿಂದಿರುಗಿಸುತ್ತದೆ. ರೂಪಾಂತರವಾಯಿತು, ಆದುದರಿಂದ ನಕಲಾಯಿತು ಎಂದು ನಂಬಿ ಮೂಲದ ಸ್ಮೃತಿಯನ್ನು ಬಿಟ್ಟುಕೊಟ್ಟರೆ ಚಿತ್ರದ ಕಾಲಡಿಯ ನೆಲವೇ ಕುಸಿದಂತಾಗುತ್ತದೆ. ನಕಲು ಬೇಕಾದಲ್ಲಿ ನಕಲನ್ನೇ ಕೇಳುವುದು ಯುಕ್ತ.

ಪಾರದರ್ಶಕತೆಯ ಪ್ರಶ್ನೆ

ಸ್ಥಾನ ಬದಲಾವಣೆಗೂ ನಷ್ಟಕ್ಕೂ ನಡುವೆ ನಿಂತಿರುವುದು ಆಲ್ಫಾದ ವಿಷಯ. ಇದಕ್ಕೆ ಎರಡು ಪದ್ಧತಿಗಳುಂಟು. ಎಆರ್‌ಜಿಬಿ 32ರಲ್ಲಿ ಬಣ್ಣವೂ ಆಲ್ಫಾವೂ ಒಂದನ್ನೊಂದು ಮುಟ್ಟದೆ ಬೇರೆ ಬೇರೆ ಇರುತ್ತವೆ. ಎಆರ್‌ಜಿಬಿ 32 ಪ್ರೀಮಲ್ಟಿಪ್ಲೈಡ್ ಎಂಬುದರಲ್ಲಿ ಪ್ರತಿಯೊಂದು ಬಣ್ಣವನ್ನೂ ಆಲ್ಫಾದಿಂದ ಮೊದಲೇ ಗುಣಿಸಿ 255ರಿಂದ ಭಾಗಿಸಿ ಇಟ್ಟಿರುತ್ತಾರೆ. ಇದನ್ನು ‘ಪೂರ್ವಗುಣಿತ’ ರೂಪವೆನ್ನೋಣ.

ಪೂರ್ವಗುಣಿತ ಪದ್ಧತಿಯ ಪ್ರಯೋಜನವನ್ನು ತಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬಿಬ್ಬರು 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ವ್ಯವಸ್ಥಿತವಾಗಿ ಪ್ರತಿಪಾದಿಸಿದರು. ಒಂದು ಚಿತ್ರದ ಮೇಲೆ ಇನ್ನೊಂದನ್ನು ಹಾಸುವಾಗ ಮೇಲಿನ ಬಣ್ಣವನ್ನು ಅದರ ಆಲ್ಫಾದಿಂದಲೂ, ಕೆಳಗಿನ ಬಣ್ಣವನ್ನು ಉಳಿದ ಅಂಶದಿಂದಲೂ ಗುಣಿಸಿ ಕೂಡಿಸಬೇಕಾಗುತ್ತದೆ. ಪೂರ್ವಗುಣಿತ ರೂಪದಲ್ಲಿ ಮೊದಲನೆಯ ಗುಣಾಕಾರವು ಆಗಲೇ ಮುಗಿದಿರುವುದರಿಂದ ಎರಡನೆಯದಷ್ಟೇ ಉಳಿಯುತ್ತದೆ. ಲಕ್ಷಾಂತರ ಪಿಕ್ಸೆಲ್‌ಗಳಿಗೆ ಈ ಉಳಿತಾಯವು ದೊಡ್ಡದು. ಕ್ಯೂಟ್‌ನಲ್ಲಿ ಚಿತ್ರ ಬರೆಯುವ ಕ್ಯೂಪೇಂಟರ್ ಎಂಬ ವರ್ಗವು ಆರ್‌ಜಿಬಿ 32 ಹಾಗೂ ಪೂರ್ವಗುಣಿತ ಎಆರ್‌ಜಿಬಿ 32 ಇವುಗಳ ಮೇಲೆ ಅತ್ಯಂತ ವೇಗವಾಗಿ ಕೆಲಸ ಮಾಡುವುದು ಈ ಕಾರಣದಿಂದಲೇ.

ಪ್ರಯೋಜನವು ವೇಗವೊಂದರಲ್ಲಿಯೇ ಮುಗಿಯುವುದಿಲ್ಲ. ಪೂರ್ಣ ಅಪಾರದರ್ಶಕವಾದ ಬಿಳಿ ಪಿಕ್ಸೆಲ್ಲೊಂದರ ಪಕ್ಕದಲ್ಲಿ, ಕಪ್ಪು ಬಣ್ಣವನ್ನು ಒಳಗಿಟ್ಟುಕೊಂಡ ಪೂರ್ಣ ಪಾರದರ್ಶಕ ಪಿಕ್ಸೆಲ್ಲೊಂದು ಇದೆಯೆಂದು ಭಾವಿಸೋಣ. ಚಿತ್ರವನ್ನು ಕಿರಿದುಗೊಳಿಸುವಾಗ ಇವೆರಡರ ಸರಾಸರಿಯನ್ನು ತೆಗೆಯಬೇಕು. ಬಣ್ಣ ಮತ್ತು ಆಲ್ಫಾಗಳನ್ನು ಬೇರೆ ಬೇರೆಯಾಗಿ ಸರಾಸರಿ ಮಾಡಿದರೆ ಬೂದುಬಣ್ಣದ ಅರೆಪಾರದರ್ಶಕ ಪಿಕ್ಸೆಲ್ ಬರುತ್ತದೆ. ಕಾಣದೆ ಇದ್ದ ಕಪ್ಪು ಅಂಚಿನಲ್ಲಿ ಕಾಣತೊಡಗುತ್ತದೆ. ಪೂರ್ವಗುಣಿತ ಬೆಲೆಗಳನ್ನು ಸರಾಸರಿ ಮಾಡಿದರೆ ಶುದ್ಧ ಬಿಳಿಯ ಅರೆಪಾರದರ್ಶಕ ಪಿಕ್ಸೆಲ್ ಬರುತ್ತದೆ, ಇದೇ ಸರಿಯಾದುದು.

ಹಾಗಾದರೆ ಎಲ್ಲವನ್ನೂ ಪೂರ್ವಗುಣಿತವಾಗಿಯೇ ಏಕೆ ಇಡಬಾರದು? ಅದರಲ್ಲಿ ನಷ್ಟವಿದೆ. ಕೆಂಪು 200, ಹಸಿರು 100, ನೀಲಿ 50 ಇರುವ ಪಿಕ್ಸೆಲ್‌ನ ಆಲ್ಫಾ 3 ಎಂದಿಟ್ಟುಕೊಳ್ಳಿ. ಗುಣಿಸಿ ಭಾಗಿಸಿ ಸಮೀಪದ ಪೂರ್ಣಸಂಖ್ಯೆಗೆ ತಂದರೆ 2, 1, 1 ಎಂದಾಗುತ್ತದೆ. ಹಿಂದಕ್ಕೆ ಹೋದರೆ ದೊರೆಯುವುದು 170, 85, 85. ಹಸಿರಿಗೂ ನೀಲಿಗೂ ಇದ್ದ ಭೇದವೇ ಹೊರಟುಹೋಯಿತು. ಆಲ್ಫಾ 128 ಆಗಿದ್ದರೆ 200 ಎಂಬುದು 100 ಆಗಿ, ಮರಳಿದಾಗ 199 ಆಗುತ್ತದೆ. ಕಣ್ಣಿಗೆ ತೋರದಷ್ಟು ನಷ್ಟ. ಆಲ್ಫಾ 0 ಆದಲ್ಲಿ ಬಣ್ಣವೆಲ್ಲವೂ ಶೂನ್ಯವಾಗಿ ಮರಳಿ ಪಡೆಯಲು ಏನೂ ಉಳಿಯುವುದಿಲ್ಲ. ಪಿಕ್ಸೆಲ್ ಹೆಚ್ಚು ಪಾರದರ್ಶಕವಾದಷ್ಟೂ ನಷ್ಟವು ಹೆಚ್ಚು. ತೋರಿಸುವುದಕ್ಕೆ ಇದು ಬಾಧಕವಲ್ಲ; ಕಾಣದ ಬಣ್ಣವು ಹೋದರೆ ಕಾಣುವುದಿಲ್ಲ. ಆದರೆ ಮುಂದೆ ತಿದ್ದುವುದಕ್ಕಾಗಿ ಉಳಿಸಬೇಕಾದ ಚಿತ್ರಕ್ಕೆ ಬಾಧಕವೇ. ಪಿಎನ್‌ಜಿ ಕಡತದಲ್ಲಿ ಬಣ್ಣಗಳನ್ನು ಗುಣಿಸದೆಯೇ ಇಡುವ ನಿಯಮದ ಔಚಿತ್ಯವು ಇದರಿಂದ ತಿಳಿಯುತ್ತದೆ.

ಆಲ್ಫಾವನ್ನು ಸಂಪೂರ್ಣವಾಗಿ ತೆಗೆದುಹಾಕುವ ರೂಪಾಂತರದಲ್ಲಿಯೂ ಎಚ್ಚರವಿರಬೇಕು. ಎಆರ್‌ಜಿಬಿ 32ರಿಂದ ಆರ್‌ಜಿಬಿ 32ಕ್ಕೆ ಬದಲಾಯಿಸುವಾಗ ಲೈಬ್ರರಿಯು ಆಲ್ಫಾದ ಜಾಗದಲ್ಲಿ 255 ಎಂದು ಬರೆಯುತ್ತದೆ, ಅಷ್ಟೆ. ಪಾರದರ್ಶಕ ಭಾಗದ ಹಿಂದೆ ಬಿಳಿಯ ಹಾಳೆಯಿದೆಯೆಂದು ಅದು ತಾನಾಗಿ ಭಾವಿಸುವುದಿಲ್ಲ. ಅಲ್ಲಿ ಅಡಗಿದ್ದ ಬಣ್ಣವು, ಬಹುಮಟ್ಟಿಗೆ ಕಪ್ಪು, ಹೊರಬರುತ್ತದೆ. ಸುಂದರವಾದ ಲಾಂಛನವೊಂದು ಕಪ್ಪು ಚೌಕದೊಳಗೆ ಕುಳಿತಂತೆ ಮುದ್ರಿತವಾಗುವುದು ಇದರಿಂದಲೇ. ಬಿಳಿಯ ಹಿನ್ನೆಲೆಯು ಬೇಕಾದರೆ ಬಿಳಿಯಿಂದ ತುಂಬಿದ ಹೊಸ ಚಿತ್ರವೊಂದನ್ನು ಮಾಡಿ ಅದರ ಮೇಲೆ ಮೂಲವನ್ನು ಕ್ಯೂಪೇಂಟರ್‌ನಿಂದ ಬರೆಯಬೇಕು.

ಕುಂದಿಸುವ ರೂಪಾಂತರಗಳು

ಇನ್ನು ನಿಜವಾಗಿ ಕುಂದನ್ನುಂಟುಮಾಡುವ ರೂಪಾಂತರಗಳಿಗೆ ಬರೋಣ. ಇವುಗಳ ಲಕ್ಷಣವೇನೆಂದರೆ, ಮೂಲದಲ್ಲಿ ಬೇರೆ ಬೇರೆಯಾಗಿದ್ದ ಎರಡು ಬೆಲೆಗಳು ಫಲದಲ್ಲಿ ಒಂದಾಗಿಬಿಡುತ್ತವೆ. ಒಂದಾದುದನ್ನು ಮತ್ತೆ ಎರಡಾಗಿ ಬಿಡಿಸುವ ಗಣಿತವಿಲ್ಲ.

ಆರ್‌ಜಿಬಿ 16ರಲ್ಲಿ ಕೆಂಪಿನ 8 ಬಿಟ್‌ಗಳಲ್ಲಿ ಕೆಳಗಿನ ಮೂರನ್ನು ಬಿಡಬೇಕಾಗುತ್ತದೆ. 200ರಿಂದ 207ರವರೆಗಿನ ಎಂಟು ಬೆಲೆಗಳೂ 25 ಎಂಬ ಒಂದೇ ಬೆಲೆಯಾಗುತ್ತವೆ. ಮತ್ತೆ 8 ಬಿಟ್‌ಗಳಿಗೆ ಹಿಗ್ಗಿಸಿದಾಗ ಬರುವುದು 206. ಛಾಯಾಚಿತ್ರದ ಆಕಾಶದಲ್ಲಿ ಮೆಲ್ಲಮೆಲ್ಲನೆ ಬದಲಾಗಬೇಕಾದ ಬಣ್ಣವು ಮೆಟ್ಟಿಲು ಮೆಟ್ಟಿಲಾಗಿ ತೋರುವುದು ಇದರ ಫಲ.

ಬಣ್ಣದಿಂದ ಬೂದುಬಣ್ಣಕ್ಕೆ ಹೋಗುವಾಗ ಮೂರು ಸಂಖ್ಯೆಗಳು ಒಂದಾಗುತ್ತವೆ. ಕ್ಯೂಟ್‌ನ ಕ್ಯೂಗ್ರೇ ಎಂಬ ಕ್ರಿಯೆಯು ಕೆಂಪನ್ನು 11ರಿಂದಲೂ ಹಸಿರನ್ನು 16ರಿಂದಲೂ ನೀಲಿಯನ್ನು 5ರಿಂದಲೂ ಗುಣಿಸಿ ಕೂಡಿಸಿ 32ರಿಂದ ಭಾಗಿಸುತ್ತದೆ. ಹಸಿರಿಗೆ ಹೆಚ್ಚು ತೂಕ, ನೀಲಿಗೆ ಕಡಮೆ. ನಮ್ಮ ಕಣ್ಣು ಹಸಿರಿನ ಪ್ರಕಾಶವನ್ನು ಹೆಚ್ಚಾಗಿಯೂ ನೀಲಿಯದನ್ನು ಅತ್ಯಲ್ಪವಾಗಿಯೂ ಗ್ರಹಿಸುವುದಕ್ಕೆ ಇದು ಅನುಗುಣವಾಗಿದೆ. ಈ ಸೂತ್ರದಂತೆ 160 ಬೆಲೆಯ ಶುದ್ಧ ಕೆಂಪು 55 ಆಗುತ್ತದೆ. 110 ಬೆಲೆಯ ಶುದ್ಧ ಹಸಿರೂ 55 ಆಗುತ್ತದೆ. ಭೂಪಟವೊಂದರಲ್ಲಿ ರಸ್ತೆಯನ್ನು ಈ ಕೆಂಪಿನಿಂದಲೂ ಕಾಡಿನ ಗಡಿಯನ್ನು ಈ ಹಸಿರಿನಿಂದಲೂ ಗುರುತಿಸಿದ್ದರೆ, ಬೂದುಬಣ್ಣದ ಪ್ರತಿಯಲ್ಲಿ ರಸ್ತೆ ಯಾವುದು, ಗಡಿ ಯಾವುದು ಎಂದು ಹೇಳಲಾಗುವುದಿಲ್ಲ.

ಇಂಡೆಕ್ಸ್ಡ್ 8ಕ್ಕೆ ಹೋಗುವಾಗ ಫಲವು ಚಿತ್ರದ ಸ್ವಭಾವವನ್ನು ಅವಲಂಬಿಸಿದೆ. ಚಿತ್ರದಲ್ಲಿರುವ ಬಣ್ಣಗಳು 256ನ್ನು ಮೀರದಿದ್ದರೆ ಅವೆಲ್ಲವೂ ಪಟ್ಟಿಯಲ್ಲಿ ಸ್ಥಾನ ಪಡೆದು ನಷ್ಟವೇ ಇಲ್ಲದಿರಬಹುದು. ಮೀರಿದರೆ ಕ್ಯೂಟ್ ಪ್ರತಿ ಬಣ್ಣಕ್ಕೆ ಆರು ಮಟ್ಟಗಳಂತೆ 216 ಬಣ್ಣಗಳ ಸ್ಥಿರವಾದ ಪಟ್ಟಿಗೆ ಚಿತ್ರವನ್ನು ಒಗ್ಗಿಸುತ್ತದೆ. ನಕ್ಷೆ, ಲಾಂಛನಗಳಿಗೆ ಇದು ಒಪ್ಪೀತು. ಮನುಷ್ಯನ ಮುಖಕ್ಕೆ ಒಪ್ಪದು.

ಎಲ್ಲಕ್ಕಿಂತ ತೀವ್ರವಾದುದು ಮೋನೊ ರೂಪಕ್ಕೆ ಇಳಿಸುವುದು. ಇದರಲ್ಲಿ ಎರಡು ಮುಖ್ಯ ವಿಧಾನಗಳುಂಟು. ಒಂದು, ನಿಗದಿಯಾದ ಮಿತಿಗಿಂತ ಮೇಲಿನದೆಲ್ಲ ಬಿಳಿ, ಕೆಳಗಿನದೆಲ್ಲ ಕಪ್ಪು ಎಂದು ತೀರ್ಮಾನಿಸುವುದು. ಮತ್ತೊಂದು, ಪ್ರತಿಯೊಂದು ಪಿಕ್ಸೆಲ್‌ನಲ್ಲಿ ಉಂಟಾದ ತಪ್ಪನ್ನು ಸುತ್ತಲಿನವುಗಳಿಗೆ ಹಂಚುವುದು. ರಾಬರ್ಟ್ ಫ್ಲಾಯ್ಡ್ ಮತ್ತು ಲೂಯಿಸ್ ಸ್ಟೈನ್‌ಬರ್ಗ್ ಎಂಬವರು 1976ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ತಪ್ಪಿನ ಹದಿನಾರು ಪಾಲುಗಳಲ್ಲಿ ಏಳು ಬಲಗಡೆಯ ಪಿಕ್ಸೆಲ್‌ಗೂ, ಮೂರು ಕೆಳಗೆ ಎಡಕ್ಕೂ, ಐದು ನೇರ ಕೆಳಕ್ಕೂ, ಒಂದು ಕೆಳಗೆ ಬಲಕ್ಕೂ ಸೇರುತ್ತದೆ. ದೂರದಿಂದ ನೋಡುವ ಕಣ್ಣಿಗೆ ಕಪ್ಪುಬಿಳಿ ಚುಕ್ಕೆಗಳಿಂದಲೇ ಬೂದುಬಣ್ಣದ ಭ್ರಮೆಯುಂಟಾಗುತ್ತದೆ. ಮೋನೊ ರೂಪವನ್ನು ಕೇಳಿದಾಗ ಬೇರೇನನ್ನೂ ಹೇಳದಿದ್ದರೆ ಕ್ಯೂಟ್ ತಪ್ಪನ್ನು ಹಂಚುವ ವಿಧಾನವನ್ನೇ ಹಿಡಿಯುತ್ತದೆ. ಛಾಯಾಚಿತ್ರಕ್ಕೆ ಇದು ಹಿತ. ಮುದ್ರಿತ ಅಕ್ಷರಗಳ ಅಂಚಿಗೆ ಅಹಿತ. ಅಕ್ಷರಗಳಿಗೆ ಮಿತಿಯ ವಿಧಾನವನ್ನು ಬೇಕೆಂದೇ ಕೇಳಿ ಪಡೆಯಬೇಕು.

ಆದರೆ ಮಿತಿಯ ವಿಧಾನವೂ ನಿರ್ದೋಷವಲ್ಲ. ಕನ್ನಡ ಪುಟವೊಂದರ ನಿದರ್ಶನದಿಂದ ಇದು ವಿಶದವಾಗುತ್ತದೆ. ನಮ್ಮ ಲಿಪಿಯಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ಅಂತರವೆಂದರೆ ಶಾಲೆಯ ಮಕ್ಕಳು ‘ಹೊಟ್ಟೆ ಸೀಳುವುದು’ ಎನ್ನುವ ಒಂದು ಸಣ್ಣ ಗೀಟು. ಹಳೆಯ ಮುದ್ರಣದಲ್ಲಿ ಮಸಿ ತೆಳುವಾಗಿ ಬಿದ್ದಿದ್ದರೆ ಅಕ್ಷರದ ದಪ್ಪ ಭಾಗವು 60ರಷ್ಟು ಕಪ್ಪಾಗಿಯೂ, ಆ ಗೀಟು 150ರಷ್ಟು ಮಾಸಲಾಗಿಯೂ ಸ್ಕ್ಯಾನ್ ಆದೀತು. ಮಿತಿಯು 128 ಆಗಿದ್ದರೆ ಗೀಟು ಬಿಳಿಯ ಕಡೆಗೆ ಸೇರಿ ಮಾಯವಾಗುತ್ತದೆ, ‘ಧನ’ವು ‘ದನ’ವಾಗುತ್ತದೆ. ಮಿತಿಯನ್ನು 190ಕ್ಕೆ ಏರಿಸಿದರೆ ಗೀಟು ಉಳಿಯುತ್ತದೆ, ಆದರೆ ಹಾಳೆಯ ಮೇಲಿನ 180ರ ಕಲೆಗಳೂ ಕಪ್ಪಾಗಿ ಅಕ್ಷರಗಳೊಡನೆ ಬೆರೆಯುತ್ತವೆ. ಬೂದುಬಣ್ಣದ ಮೂಲವು ಕೈಯಲ್ಲಿದ್ದರೆ ಇನ್ನೊಂದು ಮಿತಿಯನ್ನು ಪ್ರಯತ್ನಿಸಬಹುದು. ಸ್ಥಳದ ಉಳಿತಾಯಕ್ಕೆಂದು ಮೋನೊ ಪ್ರತಿಯನ್ನು ಮಾತ್ರ ಇಟ್ಟುಕೊಂಡು ಮೂಲವನ್ನು ಅಳಿಸಿದ್ದರೆ, ಅಲ್ಲಿ ಇದ್ದುದು ಧಕಾರವೋ ದಕಾರವೋ ಎಂಬುದನ್ನು ಯಂತ್ರವೂ ಹೇಳಲಾರದು, ವಿದ್ವಾಂಸನೂ ಪ್ರತಿಯನ್ನು ನೋಡಿ ಹೇಳಲಾರ. ಹಳೆಯ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಗಣಕಕ್ಕೆ ಏರಿಸುವ ಕಾಲೇಜುಗಳೂ ಗ್ರಂಥಾಲಯಗಳೂ ಈ ಒಂದು ಅಂಶವನ್ನು ಮರೆಯಬಾರದು.

ಕ್ರಮದ ಮಹತ್ತ್ವ

ರೂಪಾಂತರವನ್ನು ಯಾವಾಗ ಮಾಡಬೇಕೆಂಬುದೂ ಅಷ್ಟೇ ಮುಖ್ಯ. ಇಂಡೆಕ್ಸ್ಡ್ 8 ಚಿತ್ರವೊಂದನ್ನು ತಿರುಗಿಸಬೇಕಾಗಿದೆ ಎನ್ನೋಣ. ತಿರುಗಿಸುವಾಗ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿಯು ಬೇಕಾಗುತ್ತದೆ. ಪಟ್ಟಿಯ 10ನೆಯ ಬಣ್ಣ ಕೆಂಪು, 12ನೆಯದು ಹಸಿರು ಆಗಿದ್ದರೆ ಕ್ರಮಸಂಖ್ಯೆಗಳ ಸರಾಸರಿ 11. ಆದರೆ ಪಟ್ಟಿಯ 11ನೆಯ ಬಣ್ಣವು ನೀಲಿಯಾಗಿರಬಹುದು. ಮನೆಯ ಸಂಖ್ಯೆಗಳ ಸರಾಸರಿಯಿಂದ ಮನೆಯವರ ವಯಸ್ಸಿನ ಸರಾಸರಿ ತಿಳಿಯದಲ್ಲವೆ? ಆದುದರಿಂದ ಮೊದಲು ನಿಜವಾದ ಬಣ್ಣಗಳಿರುವ ರೂಪಕ್ಕೆ ಏರಿಸಿ, ಕೆಲಸವೆಲ್ಲ ಮುಗಿದ ಮೇಲೆ ಬೇಕಾದರೆ ಇಳಿಸಬೇಕು. ಇಂಡೆಕ್ಸ್ಡ್ 8 ಚಿತ್ರದ ಮೇಲೆ ಕ್ಯೂಪೇಂಟರ್ ಬರೆಯಲು ಒಪ್ಪದಿರುವುದೂ ಈ ತತ್ತ್ವಕ್ಕೆ ಹೊಂದುತ್ತದೆ. ಅದರಂತೆಯೇ ಪುಟವೊಂದನ್ನು ಓರೆ ತಿದ್ದಿ, ಕಿರಿದುಗೊಳಿಸಿ, ಮೋನೊ ಮಾಡಬೇಕಾದಲ್ಲಿ ಮೊದಲಿನವೆರಡನ್ನು ಬೂದುಬಣ್ಣದಲ್ಲಿಯೇ ಮಾಡಿ ಮೋನೊವನ್ನು ಕಟ್ಟಕಡೆಗೆ ಇಡಬೇಕು. ಮೊದಲೇ ಮೋನೊ ಮಾಡಿದರೆ ತೆಳುವಾದ ಗೀಟುಗಳು ಓರೆ ತಿದ್ದುವಾಗ ತುಂಡಾಗುತ್ತವೆ.

ವೇಗದ ದೃಷ್ಟಿಯಿಂದಲೂ ಕ್ರಮವು ಮುಖ್ಯವೇ. ಚಿತ್ರವು ತೆರೆಯ ಮೇಲೆ ಮತ್ತೆ ಮತ್ತೆ ಬರೆಯಲ್ಪಡುವಾಗ ಪ್ರತಿ ಸಲವೂ ಅದನ್ನು ರೂಪಾಂತರಿಸುತ್ತಿದ್ದರೆ ಗಣಕದ ಶ್ರಮವು ವ್ಯರ್ಥ. ಕಡತದಿಂದ ಓದಿದ ಕೂಡಲೆ ಒಮ್ಮೆ ಮಾತ್ರ ರೂಪಾಂತರಿಸಿ ಇಟ್ಟುಕೊಂಡರೆ ಆಮೇಲಿನ ಕೆಲಸವು ಹಗುರವಾಗುತ್ತದೆ. ಓದಿದ ಚಿತ್ರವು ಯಾವ ರೂಪದಲ್ಲಿ ಬರುತ್ತದೆಂಬುದೂ ಕಡತದಿಂದ ಕಡತಕ್ಕೆ ಬೇರೆಯಾಗುತ್ತದೆ. ಬಣ್ಣದ ಜೆಪೆಗ್ ಆರ್‌ಜಿಬಿ 32 ಆಗಿ ಬಂದರೆ ಪಾರದರ್ಶಕತೆಯುಳ್ಳ ಬಣ್ಣದ ಪಿಎನ್‌ಜಿ ಸಾಮಾನ್ಯವಾಗಿ ಎಆರ್‌ಜಿಬಿ 32 ಆಗಿ ಬರುತ್ತದೆ. ಆದುದರಿಂದ ಪಿಕ್ಸೆಲ್‌ಗಳನ್ನು ಮುಟ್ಟುವ ಮೊದಲು ರೂಪವನ್ನು ಕೇಳಿ ತಿಳಿಯದೆ ಮುಂದುವರಿಯಬಾರದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯಗಳನ್ನು ಹೀಗೆ ಸಂಗ್ರಹಿಸಬಹುದು. ಪಿಕ್ಸೆಲ್ ರೂಪವೆಂಬುದು ಅಂಕಿಗಳಿಗೆ ಅರ್ಥ ಕೊಡುವ ಒಪ್ಪಂದ. ಎರಡು ಲೈಬ್ರರಿಗಳು ಸಂಧಿಸುವೆಡೆಯಲ್ಲಿ ಬೈಟುಗಳ ಕ್ರಮ, ಸಾಲಿನ ಉದ್ದ, ಆಲ್ಫಾದ ಪದ್ಧತಿ ಈ ಮೂರನ್ನೂ ಖಚಿತಪಡಿಸಿಕೊಳ್ಳಬೇಕು. ರೂಪಾಂತರವನ್ನು ಮಾಡುವ ಮುನ್ನ, ಮೂಲದಲ್ಲಿ ಬೇರೆಯಾದ ಎರಡು ಬೆಲೆಗಳು ಇದರಿಂದ ಒಂದಾಗುವುವೆ ಎಂಬ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಅದು ಸ್ಥಾನ ಬದಲಾವಣೆಯೋ ಕುಂದೋ ಎಂಬುದು ತಾನಾಗಿ ತಿಳಿಯುತ್ತದೆ. ಕುಂದಿಸುವ ರೂಪಾಂತರವನ್ನು ಕೊನೆಯಲ್ಲಿ, ಒಮ್ಮೆ ಮಾತ್ರ, ನಕಲಿನ ಮೇಲೆ ಮಾಡಬೇಕು. ಮೂಲವನ್ನು ಅದರ ಅತ್ಯಂತ ಸಮೃದ್ಧವಾದ ರೂಪದಲ್ಲಿಯೇ ಕಾಪಾಡಬೇಕು.

ಲೈಬ್ರರಿಯು ತನಗೆ ಹೇಳಿದುದನ್ನು ನಿಷ್ಠೆಯಿಂದ ಮಾಡುತ್ತದೆ. ಕಳೆಯಬಹುದಾದುದು ಯಾವುದು, ಕಳೆಯಬಾರದುದು ಯಾವುದು ಎಂಬ ವಿವೇಕವು ಅದಕ್ಕಿಲ್ಲ. ಚಿತ್ರವು ಏತಕ್ಕಾಗಿ ಇದೆಯೆಂಬುದನ್ನು ಬಲ್ಲವನಿಗೆ ಮಾತ್ರ ಅದು ಸಾಧ್ಯ. ವಿದ್ಯಾರ್ಥಿಗಳು ಇಲ್ಲಿ ಕೊಟ್ಟಿರುವ ಲೆಕ್ಕಗಳನ್ನು ತಾವೇ ಒಂದು ಸಣ್ಣ ಪ್ರೋಗ್ರಾಂ ಬರೆದು ಪರೀಕ್ಷಿಸಿ ನೋಡಿದರೆ ಈ ವಿವೇಕವು ಓದಿನಿಂದ ಬರುವುದಕ್ಕಿಂತ ಬೇಗನೆ ಬರುತ್ತದೆಂದು ನಾವು ನಂಬುತ್ತೇವೆ.